ಡಂಬೆಲ್ ಹತ್ತು ಕೆಜಿ, ಕೊಡ ಹದಿನೈದು

ವಾಕ್ಯಭಾಗ: ಗಲಾತ್ಯದವರಿಗೆ 6:1–5; ಮಾರ್ಕ 7:9–13

ಇಲ್ಲಿ ಹಿರೇಕೆರೂರಿನಲ್ಲಿ ಕೂತಿರುವವರಿಗೂ, ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯ ಪಿಜಿ ರೂಮುಗಳಲ್ಲಿ ಮೊಬೈಲ್ ಹಿಡಿದು ಕೂತಿರುವ ನಮ್ಮ ತಮ್ಮಂದಿರು, ತಂಗಿಯರಿಗೂ ಪ್ರೈಸ್ ದಿ ಲಾರ್ಡ್.

ಇವತ್ತು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನನ್ನ ದೇಹವನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತ ನಾನು ದಿನಕ್ಕೆ ಒಂದೂವರೆ ಗಂಟೆ ತೆಗೆದರೆ, ಆ ಒಂದೂವರೆ ಗಂಟೆಯನ್ನು ಯಾರಿಂದ ತೆಗೆದೆ? ಸಣ್ಣ ಪ್ರಶ್ನೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ನಮ್ಮ ಮನೆಯಲ್ಲಿ ಒಂದು ನೀರಿನ ಕೊಡ ಉರುಳುವ ತನಕ.

ನಾನು ವಾರದಲ್ಲಿ ಆರು ದಿನ ಬೀಜ-ಗೊಬ್ಬರದ ಅಂಗಡಿಯಲ್ಲಿ ಇರುವವನು ಅಂತ ನಿಮಗೆ ಗೊತ್ತು. ಯೂರಿಯಾ ಚೀಲ 45 ಕೆಜಿ. ಅದನ್ನು ಎತ್ತುವವರು ಹಮಾಲರು, ನಾನು ಬಿಲ್ ಬರೆಯುವವನು. ಆರು ದಿನ ಕೂತು ಕೂತು, ಏಳನೇ ದಿನ ನಿಮ್ಮ ಮನೆಗಳಲ್ಲಿ ಪ್ರೀತಿಯಿಂದ ಕೊಟ್ಟ ಮಂಡಕ್ಕಿ-ಮಿರ್ಚಿ ತಿಂದು ತಿಂದು ಹೊಟ್ಟೆ ಬೆಳೀತು. ಹೋದ ವರ್ಷ ಮುಂಗಾರಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರ್ ರಿಪೋರ್ಟ್ ನೋಡಿ, "ಶುಗರ್ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ" ಅಂದರು.

ನನಗೆ ಅಪ್ಪ ನೆನಪಾದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಯಿತು. ಕೊನೆಯ ಆರು ವರ್ಷ ಅವ್ವನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಓಡಾಡಿದರು. ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಬಾಗಿಲಲ್ಲಿ ನಿಂತವರು ಅದಕ್ಕಿಂತಲೂ ಹೆಚ್ಚು. ನಾನು ಆ ಸಾಲಿನಲ್ಲಿದ್ದೆ. ನಾಳೆ ನನ್ನ ಹೆಂಡತಿಯ ಹೆಗಲ ಮೇಲೆ ಕೈ ಇಟ್ಟು ನಡೆಯೋದು ಬೇಡ ಅಂತ ತೀರ್ಮಾನ ಮಾಡಿದೆ. ಆ ತೀರ್ಮಾನ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ನಮ್ಮ ಹುಡುಗರು '75 ಹಾರ್ಡ್' ಅನ್ನೋ ಚಾಲೆಂಜ್ ತೋರಿಸಿದರು. 2019ರಲ್ಲಿ ಅಮೆರಿಕದ ಆಂಡಿ ಫ್ರಿಸೆಲ್ಲಾ ಅನ್ನುವವರು ಶುರು ಮಾಡಿದ್ದು. 75 ದಿನ, ದಿನಕ್ಕೆ ಎರಡು ಸಲ 45 ನಿಮಿಷ ವ್ಯಾಯಾಮ, ಅದರಲ್ಲಿ ಒಂದು ಬಯಲಲ್ಲೇ ಆಗಬೇಕು. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಕುಡಿಯಬೇಕು. ಊಟದಲ್ಲಿ ಪಥ್ಯ, ಮದ್ಯ ಮುಟ್ಟಬಾರದು, ಹತ್ತು ಪುಟ ಓದಬೇಕು, ದಿನಕ್ಕೊಂದು ಫೋಟೋ ತೆಗೆಯಬೇಕು. ಇದರಲ್ಲಿ ಯಾವುದೇ ಒಂದು, ಒಂದೇ ದಿನ ತಪ್ಪಿದರೂ ಮತ್ತೆ ಮೊದಲನೇ ದಿನದಿಂದ. ಮದ್ಯದ ನಿಯಮ ನಮಗೆ ಸಲೀಸು ಬಿಡಿ. ನಾನು ಮತ್ತು ನಾಲ್ಕು ಜನ ತಮ್ಮಂದಿರು ಸೇರಿ ವಾಟ್ಸಾಪ್ ಗ್ರೂಪ್ ಮಾಡಿದೆವು. ಗ್ರೂಪಿನ ಹೆಸರು 'ಆಲಯ'. ದೇಹ ದೇವರ ಆಲಯ ಅಲ್ವಾ, ಅದಕ್ಕೆ.

ನಲವತ್ತು ದಿನ ನಾನು ಒಂದೂ ತಪ್ಪಿಸಲಿಲ್ಲ. ಆರು ಕೆಜಿ ಇಳಿದೆ. ಭಾನುವಾರ ನೀವೆಲ್ಲ "ಪಾಸ್ಟರ್, ಸಣ್ಣ ಆಗೀರಲ್ರಿ" ಅಂದಾಗ ಒಳಗೊಳಗೇ ಹಿಗ್ಗಿದೆ.

ನಲವತ್ತೊಂದನೇ ದಿನ ನಮ್ಮ ಓಣಿಗೆ ನೀರು ಬಿಡುವ ದಿನ. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಮನೆಮಂದಿಯೆಲ್ಲ ಸೇರಿ ಡ್ರಮ್ಮು, ಹಂಡೆ, ಕೊಡ ತುಂಬಿಕೊಳ್ಳಬೇಕು. ನಲ್ಲಿ ಮುಂದೆ, ಡ್ರಮ್ಮು ಹಿತ್ತಲಲ್ಲಿ. ನಾನು ನಡುಮನೆಯ ಬಾಗಿಲು ಹಾಕಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಆರಾಧನೆಯ ಹಾಡು ಕೇಳುತ್ತಾ ಡಂಬೆಲ್ ಹಿಡಿದು ಸ್ಕ್ವಾಟ್ಸ್ ಮಾಡ್ತಾ ಇದ್ದೆ. ಹೊರಗೆ ನನ್ನ ಹೆಂಡತಿ ಒಬ್ಬಳೇ ಕೊಡ ಹೊರುತ್ತಿದ್ದಳು. ಚಿಕ್ಕ ಮಗನಿಗೆ ಜ್ವರ. ಅವನು ಅತ್ತಾಗ ಅವಳು ಒಳಗೆ ಹೋದಳು. ನೀರು ನಿಂತುಹೋದೀತು ಅಂತ ಅವ್ವ, ಮೊಣಕಾಲು ನೋವಿನ ಅವ್ವ, ತಾನೇ ಕೊಡ ಎತ್ತಿದಳು. ಹೊಸ್ತಿಲಲ್ಲಿ ಕಾಲು ಜಾರಿತು. ಕೊಡ ಉರುಳಿದ ಸದ್ದು ಹಾಡಿನ ನಡುವೆಯೂ ನನ್ನ ಕಿವಿಗೆ ಬಿತ್ತು.

ಮೂಳೆ ಮುರಿಯಲಿಲ್ಲ, ದೇವರಿಗೆ ಸ್ತೋತ್ರ. ಮೊಣಕಾಲು ಬಾತು ಹದಿನೈದು ದಿನ ಮಲಗಿದಳು. ಆದರೆ ನಾನು ಹೇಳಬೇಕಾದದ್ದು ಆ ಕ್ಷಣದ ಬಗ್ಗೆ. ನಾನು ಓಡಿ ಬಂದೆ, ಕೈಯಲ್ಲಿ ಇನ್ನೂ ಡಂಬೆಲ್ ಇತ್ತು. ನನ್ನ ಹೆಂಡತಿ ಅದನ್ನು ನೋಡಿದಳು.

"ಅದು ಎಷ್ಟು ಕೆಜಿ ಐತ್ರಿ?"

"ಹತ್ತು."

"ಕೊಡ ಹದಿನೈದು ಐತಿ."

ಅಷ್ಟೇ. ಮತ್ತೇನೂ ಅನ್ನಲಿಲ್ಲ, ಅವ್ವನನ್ನು ಎಬ್ಬಿಸೋಕೆ ಬಗ್ಗಿದಳು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಅವ್ವನ ಮಾತು. ನೆಲದ ಮೇಲೆ ಕೂತುಕೊಂಡೇ ಸೊಸೆಗೆ ಹೇಳಿದಳು: "ಬಿಡವಾ, ಅವ ದೇವರ ಕೆಲಸಕ್ಕ ಗಟ್ಟಿ ಆಗಾಕತ್ತಾನ."

ಪ್ರಿಯರೇ, ಅವ್ವನಿಗೆ ಆ ಮಾತು ಕಲಿಸಿದವನು ನಾನೇ. ನನ್ನ ಒಂದೂವರೆ ಗಂಟೆಗೆ ದೇವರ ಹೆಸರಿನ ಲೇಬಲ್ ಅಂಟಿಸಿದ್ದೆ. ಹಾಗೆ ಅಂಟಿಸಿದ ಮೇಲೆ ಮನೆಯಲ್ಲಿ ಯಾರು ಕೇಳುತ್ತಾರೆ? ಮಾರ್ಕ 7ನೇ ಅಧ್ಯಾಯದಲ್ಲಿ ಯೇಸು ಫರಿಸಾಯರಿಗೆ ಇದನ್ನೇ ಹೇಳುತ್ತಾನೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಒಬ್ಬನು 'ಕೊರ್ಬಾನ್', ಅಂದರೆ ದೇವರಿಗೆ ಅರ್ಪಿಸಿದ್ದು ಅಂದುಬಿಟ್ಟರೆ ಸಾಕು, ಅವನ ಮೇಲೆ ಋಣವಿಲ್ಲ ಅಂತ ಅವರು ಬೋಧಿಸುತ್ತಿದ್ದರು. ಇದರಿಂದ ದೇವರ ಆಜ್ಞೆಯನ್ನೇ ರದ್ದು ಮಾಡಿದಿರಿ ಅನ್ನುತ್ತಾನೆ ಯೇಸು. ನನ್ನ ಕೊರ್ಬಾನ್ ಬೆಳ್ಳಿ ಬಂಗಾರ ಅಲ್ಲ, ಬೆಳಗಿನ ಹೊತ್ತು.

'ಆಲಯ' ಅನ್ನುವ ಮಾತನ್ನೂ ಮತ್ತೆ ಓದಿದೆ. 1 ಕೊರಿಂಥ 6:19. ಪೌಲ ಅದನ್ನು ಬರೆದದ್ದು ವ್ಯಾಯಾಮದ ಬಗ್ಗೆ ಅಲ್ಲ, ವ್ಯಭಿಚಾರದ ಬಗ್ಗೆ ಎಚ್ಚರಿಸುವಾಗ. ಅದೇ ವಾಕ್ಯದ ಕೊನೆಯಲ್ಲಿ, ನೀವು ನಿಮ್ಮ ಸ್ವಂತ ಸೊತ್ತಲ್ಲ ಎಂಬ ಅರ್ಥದ ಮಾತಿದೆ. ಜಿಮ್ಮಿನ ಕನ್ನಡಿ ಮುಂದೆ ನಿಂತು ಸ್ಟೇಟಸ್ ಹಾಕುವಾಗ ನಾವು ಮೊದಲ ಅರ್ಧ ಹಾಕುತ್ತೇವೆ, ಎರಡನೇ ಅರ್ಧ ಬಿಟ್ಟುಬಿಡುತ್ತೇವೆ.

ಈಗ ಕೆಲವರು ಖುಷಿಯಾಗಿರಬಹುದು. "ಹಾಗಾದ್ರೆ ಪಾಸ್ಟರ್, ವ್ಯಾಯಾಮ ಬಿಡಬಹುದಲ್ವಾ?" ಇಲ್ಲ ತಮ್ಮಾ. ಅದಕ್ಕಿಂತ ಮುಂಚೆ ಹತ್ತು ವರ್ಷ ನಾನು ಬಿಟ್ಟೇ ಇದ್ದೆ. ಸೇವೆ ಇದೆ, ಪ್ರಾರ್ಥನಾ ಕೂಟ ಇದೆ, ವಾಕಿಂಗಿಗೆ ಟೈಮ್ ಎಲ್ಲಿ ಅನ್ನುತ್ತಿದ್ದೆ. ಸೋಮಾರಿತನಕ್ಕೂ ಅದೇ ಲೇಬಲ್, ಅದೂ ಕೊರ್ಬಾನ್. 1 ತಿಮೊಥೆಯ 4:8ರಲ್ಲಿ ಪೌಲ ದೇಹದ ಸಾಧನೆಗೆ ಬಳಸುವ ಗ್ರೀಕ್ ಪದ 'ಗುಮ್ನಾಸಿಯ', ನಮ್ಮ 'ಜಿಮ್' ಅದೇ ಬೇರಿನದು. ಅದರಿಂದ ಸ್ವಲ್ಪ ಪ್ರಯೋಜನ ಇದೆ ಅನ್ನುತ್ತಾನೆ. ಇಲ್ಲವೇ ಇಲ್ಲ ಅನ್ನಲಿಲ್ಲ, ಎಲ್ಲವೂ ಅದೇ ಅಂತಲೂ ಅನ್ನಲಿಲ್ಲ.

ಆ 'ಸ್ವಲ್ಪ' ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ. ನಮ್ಮ ಚಾಲೆಂಜಿನಲ್ಲಿ ವಾರಕ್ಕೆ 630 ನಿಮಿಷ. ಕೆಲವರಿಗೆ ಅದು ಬೇಕಾಗಬಹುದು. ನನ್ನ ಶುಗರ್ ಬಾಗಿಲು ದಾಟದಿರಲು ಅಷ್ಟು ಬೇಕಿರಲಿಲ್ಲ, ಗ್ರೂಪಿನಲ್ಲಿ ಟಿಕ್ ಹಾಕಲು ಬೇಕಿತ್ತು. ಹತ್ತು ಸಾವಿರ ಹೆಜ್ಜೆ ಅಂತ ನಿಮ್ಮ ವಾಚು ಎಣಿಸುತ್ತಲ್ಲ, ಆ ಸಂಖ್ಯೆ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರೇ 'ಮಾನ್ಪೊ-ಕೆಯ್', ಹತ್ತು ಸಾವಿರ ಹೆಜ್ಜೆಯ ಮೀಟರ್. ಸಂಖ್ಯೆ ಒಳ್ಳೆಯ ಆಳು ಪ್ರಿಯರೇ, ಆದರೆ ಅದನ್ನು ಒಡೆಯನ ಕುರ್ಚಿಯಲ್ಲಿ ಕೂರಿಸಬೇಡಿ.

ಈಗ ಗಲಾತ್ಯ 6ಕ್ಕೆ ಬನ್ನಿ. ಎರಡನೇ ವಾಕ್ಯದಲ್ಲಿ ಪೌಲ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು ಅನ್ನುತ್ತಾನೆ. ಐದನೆಯದರಲ್ಲಿ, ತನ್ನ ಹೊರೆಯನ್ನು ತಾನೇ ಹೊರಬೇಕು ಅನ್ನುತ್ತಾನೆ. ಮೂರೇ ವಾಕ್ಯದಲ್ಲಿ ಮಾತು ಬದಲಾಯಿಸಿದನಾ? ಬೈಬಲ್ ಕಾಲೇಜಿನಲ್ಲಿ ಇದನ್ನು ಕಲಿತಿದ್ದೆ, ಆದರೆ ಪರೀಕ್ಷೆಗೆ ಮಾತ್ರ ಕಲಿತಿದ್ದೆ. ಗ್ರೀಕಿನಲ್ಲಿ ಎರಡೂ ಬೇರೆ ಪದ. ಎರಡನೇ ವಾಕ್ಯದ್ದು 'ಬಾರೊಸ್', ಒತ್ತಿ ಹಿಡಿಯುವ ಭಾರ. ಐದನೆಯದು 'ಫೊರ್ತಿಯೋನ್', ಪ್ರತಿಯೊಬ್ಬನ ಪಾಲಿಗೆ ಬಂದ ಹೊರೆ. ನನ್ನ ಸಕ್ಕರೆ, ನನ್ನ ಹೊಟ್ಟೆ, ನನ್ನ ನಾಲಿಗೆಯ ಚಪಲ, ಇದು ನನ್ನ ಫೊರ್ತಿಯೋನ್. ಅದನ್ನು ನನ್ನ ಪರವಾಗಿ ನನ್ನ ಹೆಂಡತಿ ಹೊರಲಾರಳು. ಜ್ವರದ ಮಗು, ನೋವಿನ ಮೊಣಕಾಲು, ನೀರಿನ ದಿನ, ಇದು ಬಾರೊಸ್, ಒಬ್ಬರೇ ಹೊತ್ತರೆ ಬೀಳುತ್ತಾರೆ. ನಾನು ನನ್ನ ಹೊರೆ ಹೊರುವ ಹೆಸರಿನಲ್ಲಿ ಎಲ್ಲರ ಭಾರವನ್ನು ಎರಡು ಹೆಣ್ಣುಜೀವಗಳ ಮೇಲೆ ಇಟ್ಟಿದ್ದೆ. ಮತ್ತಾಯ 23:4ರಲ್ಲಿ ಯೇಸು ಇಂಥವರ ಬಗ್ಗೆ ಮಾತಾಡುತ್ತಾನೆ: ಜನರ ಹೆಗಲಿಗೆ ಹೊರೆ ಕಟ್ಟುತ್ತಾರೆ, ತಾವು ಬೆರಳಿನಿಂದಲೂ ಮುಟ್ಟುವುದಿಲ್ಲ. ಅಲ್ಲಿಯೂ ಗ್ರೀಕಿನಲ್ಲಿ ಇದೇ ಫೊರ್ತಿಯೋನ್.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಹೇಳಲು ಆ ತಮ್ಮನ ಅನುಮತಿ ಕೇಳಿದ್ದೇನೆ. ನಮ್ಮ ಐದು ಜನರಲ್ಲಿ ಒಬ್ಬ ಇಪ್ಪತ್ಮೂರನೇ ದಿನ ತಪ್ಪಿಸಿದ. ನಾನು ಗ್ರೂಪಿನಲ್ಲಿ ಬರೆದೆ: "ಡೇ ಒನ್, ಬ್ರದರ್!" ಜೊತೆಗೆ ಹೆಬ್ಬೆರಳಿನ ಎಮೋಜಿ. ಅವನು ಮತ್ತೆ ಶುರು ಮಾಡಿದ, ಒಂಬತ್ತನೇ ದಿನ ಮತ್ತೆ ತಪ್ಪಿತು, ಗ್ರೂಪ್ ಬಿಟ್ಟ. ಆಮೇಲೆ ಮೂರು ಭಾನುವಾರ ಸಭೆಗೆ ಬರಲಿಲ್ಲ. ಅವ್ವ ಬಿದ್ದ ಮರುವಾರ ಅವನ ಮನೆಗೆ ಹೋದೆ. "ಅಣ್ಣಾ, ನಾ ಯಾವುದ್ರಾಗೂ ನಿಲ್ಲೂ ಮನಷ್ಯಾ ಅಲ್ಲ. ದೇವರಿಗೂ ನನ್ನ ನೋಡಿ ಬ್ಯಾಸರ ಬಂದಿರ್ತೈತಿ" ಅಂದ. ಅವತ್ತು ಯಾಕೆ ತಪ್ಪಿತು ಅಂತ ಆಗ ಮೊದಲ ಸಲ ಕೇಳಿದೆ. ತಂಗಿಗೆ ರಾಣೆಬೆನ್ನೂರಿನಲ್ಲಿ ಪರೀಕ್ಷೆ ಇತ್ತಂತೆ. ಬೆಳಿಗ್ಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ, ಸಂಜೆ ತನಕ ಹೊರಗೆ ಕಾದು, ರಾತ್ರಿ ಡ್ಯೂಟಿಗೆ ಹೋಗಿದ್ದಾನೆ.

ನೋಡಿ ಪ್ರಿಯರೇ. ತಂಗಿಯ ಭಾರ ಹೊತ್ತವನಿಗೆ ನಮ್ಮ ಲೆಕ್ಕದಲ್ಲಿ ಸೊನ್ನೆ. ಬಾಗಿಲು ಹಾಕಿಕೊಂಡವನಿಗೆ ನಲವತ್ತು. ಆ ನಿಯಮವನ್ನು ದೇವರ ನಿಯಮ ಅಂದುಕೊಂಡು ಅವನು ದೇವರಿಂದಲೇ ದೂರ ಸರಿದ, ಅವನಿಗೆ ಹಾಗೆ ಅನ್ನಿಸುವಂತೆ ಮಾಡಿದ್ದು ಅವನ ಪಾಸ್ಟರು. ಬಿದ್ದವನನ್ನು ಶಾಂತಭಾವದಿಂದ ಎತ್ತಿ ನಿಲ್ಲಿಸಬೇಕು ಅನ್ನುವುದು ಗಲಾತ್ಯ 6ರ ಮೊದಲನೇ ವಾಕ್ಯ. ಅವನು ಬಿದ್ದೂ ಇರಲಿಲ್ಲ. ನಾನು ಅವನ ಕಾಲು ಹಿಡಿದು ಕ್ಷಮೆ ಕೇಳಿದೆ.

ಪೌಲನೂ ದೇಹವನ್ನು ಹತೋಟಿಗೆ ತಂದವನೇ. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯಾ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವನಿಗೆ ಎಲೆಯ ಕಿರೀಟ, ನಾಲ್ಕು ದಿನಕ್ಕೆ ಬಾಡುವಂಥದ್ದು. 1 ಕೊರಿಂಥ 9ರ ಕೊನೆಯಲ್ಲಿ ಬರುವ ಓಟದ ಮಾತನ್ನು ಆ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಓಟದ ಮಾತಿಗಿಂತ ಮುಂಚೆ 19ನೇ ವಾಕ್ಯ ಇದೆ: ನಾನು ಎಲ್ಲರಿಗೂ ದಾಸನಾದೆ ಅನ್ನುತ್ತಾನೆ. ಅವನ ಶಿಸ್ತು ಹುಟ್ಟಿದ್ದು ಅಲ್ಲಿಂದ. ಶಿಸ್ತು ನನ್ನನ್ನು ಇತರರ ಕೈಗೆ ಸಿಗುವಂತೆ ಮಾಡಬೇಕು. ಯಾರ ಕೈಗೂ ಸಿಗದಂತೆ ಮಾಡಿದರೆ ಅದು ಶಿಸ್ತಿನ ವೇಷ ಹಾಕಿದ ಸ್ವಾರ್ಥ.

ದೇಹ ಎಷ್ಟು ಗಟ್ಟಿ ಮಾಡಿದರೂ ದಿನಗಳ ಲೆಕ್ಕ ನಮ್ಮ ಕೈಯಲ್ಲಿಲ್ಲ. 2021ರ ಅಕ್ಟೋಬರ್ 29 ನಿಮಗೆಲ್ಲ ನೆನಪಿದೆ. ಫಿಟ್‌ನೆಸ್ ಅಂದರೆ ನಮ್ಮ ಹುಡುಗರು ಹೇಳುತ್ತಿದ್ದ ಮೊದಲ ಹೆಸರು ಪುನೀತ್ ರಾಜ್‌ಕುಮಾರ್, 46 ವರ್ಷಕ್ಕೇ ಹೋದರು. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅಪ್ಪನ ಕತ್ತಲೆ ನೋಡಿ ಬೆಳೆದ ನನಗೆ ಆ ಸುದ್ದಿ ಇವತ್ತಿಗೂ ಮನಸ್ಸಿನಲ್ಲಿದೆ. ದೇಹ ಯಾರಿಗಾಗಿ ಅನ್ನುವ ಪ್ರಶ್ನೆಗೆ ಅದೊಂದು ಉತ್ತರ.

ಈಗ ನಾನು ಏನು ಮಾಡ್ತಿದ್ದೇನೆ? ಚಾಲೆಂಜ್ ನಲವತ್ತೊಂದಕ್ಕೇ ನಿಂತಿತು. ವಾರಕ್ಕೆ ಐದು ದಿನ ಬೆಳಿಗ್ಗೆ ಅರ್ಧ ಗಂಟೆ ಜೋರು ನಡಿಗೆ, ಇದನ್ನು ಬಿಡುವುದಿಲ್ಲ, ಇದು ನನ್ನ ಹೊರೆ. ನೀರಿನ ದಿನ ಡಂಬೆಲ್ ಮುಟ್ಟುವುದಿಲ್ಲ, ಕೊಡ ನನ್ನದು. ಸಂಜೆ ಅವ್ವನ ಜೊತೆ ಓಣಿಯ ಕೊನೆ ತನಕ ಹೋಗಿ ಬರುತ್ತೇನೆ, ವಾಚಿನಲ್ಲಿ ಅದು ಐನೂರು ಹೆಜ್ಜೆ ಆಗಬಹುದು. ಮತ್ತೊಂದು, ಹದಿಮೂರು ವರ್ಷದಲ್ಲಿ ಕೇಳದ್ದನ್ನು ನನ್ನ ಹೆಂಡತಿಯನ್ನು ಕೇಳಿದೆ: "ನಿನಗ ಅರ್ಧ ತಾಸು ಯಾವಾಗ ಸಿಗ್ತೈತಿ?" ಅವಳು ನಕ್ಕಳು. ಅವಳ ದೇಹವೂ ಆಲಯವೇ ಅಲ್ವಾ? ಈಗ ಅವಳು ಸಂಜೆ ಗೆಳತಿಯರ ಜೊತೆ ವಾಕಿಂಗ್ ಹೋಗುತ್ತಾಳೆ, ಅಷ್ಟು ಹೊತ್ತು ಒಲೆ ನನ್ನದು. ರೊಟ್ಟಿ ಬಡಿಯೋಕೆ ಬರಲ್ಲ, ಅನ್ನ-ಸಾರು ಮಾಡ್ತೀನಿ. ಮೊನ್ನೆಯ ರಿಪೋರ್ಟಿನಲ್ಲಿ ಶುಗರ್ ಇನ್ನೂ ಬಾಗಿಲಲ್ಲೇ ನಿಂತಿದೆ. ಒಳಗೆ ಬಂದಿಲ್ಲ, ಹೋಗಿಯೂ ಇಲ್ಲ.

ನೀವು ಯಾವ ಚಾಲೆಂಜಾದರೂ ತೆಗೆದುಕೊಳ್ಳಿ. ಶುರು ಮಾಡುವ ಮುಂಚೆ ಮನೆಯವರನ್ನು, ರೂಮ್‌ಮೇಟನ್ನು ಒಂದು ಮಾತು ಕೇಳಿ: ನಾನು ಇದನ್ನು ಎತ್ತಿದರೆ ನೀವು ಏನು ಎತ್ತಬೇಕಾಗುತ್ತೆ? ಉತ್ತರ ಬರುವ ತನಕ ಕಾಯಿರಿ. ಊರಲ್ಲಿ ಅವ್ವ-ಅಪ್ಪ ಇರುವವರು ಇವತ್ತೇ ಒಂದು ಫೋನ್ ಮಾಡಿ, ನೀರು ಬಂತಾ, ಯಾರು ತುಂಬಿದರು ಅಂತ ಕೇಳಿ.

ಪ್ರಾರ್ಥನೆ ಮಾಡೋಣ. ಕರ್ತನೇ, ನೀನು ಕೊಟ್ಟ ಈ ದೇಹಕ್ಕಾಗಿ ಸ್ತೋತ್ರ. ನಮ್ಮ ಹೊರೆ ಹೊರಲು ಶಕ್ತಿ ಕೊಡು, ಪಕ್ಕದವರ ಭಾರ ಕಾಣುವ ಕಣ್ಣು ಕೊಡು. ನಿನ್ನ ಹೆಸರನ್ನು ನಮ್ಮ ಅನುಕೂಲಕ್ಕೆ ಲೇಬಲ್ ಮಾಡಿಕೊಂಡದ್ದನ್ನು ಕ್ಷಮಿಸು. ಸೋತೆ ಅಂದುಕೊಂಡು ದೂರ ಕೂತಿರುವ ತಮ್ಮ-ತಂಗಿಯರನ್ನು ನಿನ್ನ ಹತ್ತಿರ ಕರೆದುಕೋ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.