ಹಸಿದವರ ಪರವಾಗಿ ಬಾಗಿಲು ತಟ್ಟುವಾಗ



ಈ ತಪಸ್ಸುಕಾಲದ ಮೂರು ಭಾನುವಾರ, ಬಲಿಪೂಜೆಯ ನಂತರ, ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರಾದ ನಾವು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಪ್ರಶ್ನೆ ಸಣ್ಣದಾಗಿಯೇ ಕಾಣುತ್ತದೆ. ಹಸಿದವರಿಗಾಗಿ ದೊಡ್ಡ ಮೊತ್ತ ಕೇಳಲು ಸಿರಿವಂತರ ಮನೆಗೆ ಹೋಗುವವನು ಅವರಿಗೆ ಏನೇನು ಒಪ್ಪಿಕೊಂಡು ಬರಬಹುದು? ಕೆಲವರಿಗೆ ಇದು ಲೆಕ್ಕಪತ್ರದ ವಿಷಯ ಅನ್ನಿಸಿತು. ಮೂರನೆಯ ವಾರದ ಹೊತ್ತಿಗೆ ಯಾರಿಗೂ ಹಾಗೆ ಅನ್ನಿಸಲಿಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇವೆ. ಹೊಸೂರಿನ ಈ ಭಾಗದಲ್ಲಿ ಹಸಿವೆಲ್ಲಿದೆ ಎಂದು ಹೊರಗಿನವರು ಕೇಳುತ್ತಾರೆ. ಕಾರ್ಖಾನೆಗಳಿವೆ, ತಮಿಳುನಾಡಿನ ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ ಸಿಗುತ್ತದೆ. ನಿಜ. ಆದರೆ ಅಂಗಡಿಯ ತನಕ ನಡೆಯಲಾಗದ ಮುದುಕರಿದ್ದಾರೆ. ಒಡಿಶಾ, ಜಾರ್ಖಂಡ್‌ಗಳಿಂದ ಕಟ್ಟಡದ ಕೆಲಸಕ್ಕೆ ಬಂದು, ಕಾರ್ಡನ್ನು ಊರಿನಲ್ಲೇ ಬಿಟ್ಟು, ಶೆಡ್ಡುಗಳಲ್ಲಿ ಮಲಗುವವರಿದ್ದಾರೆ. ಅಕ್ಕಿ ಸಿಕ್ಕರೂ ಬೇಳೆ, ಎಣ್ಣೆ, ಸೌದೆ ಇಲ್ಲದ ಮನೆಗಳಿವೆ. ಎರಡು ವರ್ಷದಿಂದ ನಾವು ಇಂಥವರಿಗೆ ತಿಂಗಳಿಗೊಮ್ಮೆ ಅಕ್ಕಿಬೇಳೆಯ ಚೀಲ ಮುಟ್ಟಿಸುತ್ತಿದ್ದೇವೆ. ಕನ್ನಡ, ತಮಿಳು, ತೆಲುಗು ಮೂರೂ ಪೂಜೆಗಳ ಕಾಣಿಕೆಯಿಂದ ಅದು ನಡೆದುಕೊಂಡು ಬಂದಿತ್ತು. ಕಳೆದ ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಕಿರಾಣಿ ಅಂಗಡಿಯ ಬಾಕಿ ಬೆಳೆದು, ಅಂಗಡಿಯವರು ಮರ್ಯಾದೆಯಿಂದಲೇ ನೆನಪು ಮಾಡಿದರು.

ಆಗ ಊರಿನ ಒಬ್ಬ ಅನುಕೂಲಸ್ಥರನ್ನು ಕಾಣಲು ಹೋದೆವು. ಅವರು ನಮ್ಮ ಧರ್ಮಸಭೆಯವರಲ್ಲ, ಲೇಔಟು ಮಾಡಿ ಬೆಳೆದವರು. ನಮಗೆ ಅವರ ಬಗ್ಗೆ ಕೆಟ್ಟದ್ದೇನೂ ತಿಳಿದಿಲ್ಲ. ಅವರು ನಮ್ಮ ಮಾತನ್ನು ಪೂರ್ತಿ ಕೇಳಿ, ಎರಡು ವರ್ಷದ ಚೀಲಗಳ ಖರ್ಚನ್ನು ತಾವೇ ಹೊರುತ್ತೇವೆ ಎಂದರು. ನಾವು ಬಾಯಿ ತೆರೆದು ಕುಳಿತಿರುವಾಗಲೇ ಇನ್ನೊಂದು ಮಾತು ಬಂತು. ಚೀಲದ ಮೇಲೆ ಅವರ ಹೆಸರು ಇರಬೇಕು, ಚರ್ಚಿನ ಅಂಗಳದಲ್ಲಿ ಒಂದು ಸಮಾರಂಭ ಆಗಬೇಕು, ಚೀಲ ಪಡೆಯುವವರು ಒಬ್ಬೊಬ್ಬರಾಗಿ ಬಂದು ಅವರ ಕೈಯಿಂದಲೇ ತೆಗೆದುಕೊಳ್ಳಬೇಕು, ಫೋಟೋ ಆಗಬೇಕು. ನಾವು ಎರಡೇ ನಿಮಿಷದಲ್ಲಿ ಆಗಲಿ ಎಂದು ಬಂದೆವು.

ಹೊರಗೆ ಬಂದಾಗ ನಮ್ಮಲ್ಲೊಬ್ಬರು ಒಂದು ವಿಷಯ ಗಮನಿಸಿದ್ದನ್ನು ಹೇಳಿದರು. ಹಿಂದಿನ ಭಾನುವಾರ ಹೂ ಕಟ್ಟಿ ಬದುಕುವ ಒಬ್ಬ ವಿಧವೆ ಐವತ್ತು ರೂಪಾಯಿ ಕೊಟ್ಟಾಗ ನಾವು ರಸೀದಿ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಈ ಮನೆಯಲ್ಲಿ ಮಾತ್ರ ಕುರ್ಚಿಯ ತುದಿಯಲ್ಲಿ ಕುಳಿತು ಪ್ರತಿ ಮಾತಿಗೂ ತಲೆಯಾಡಿಸಿದ್ದೆವು. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠ, ಬಡವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಗದರಿಸಿದ್ದಾರೆ. ಆ ಸಭೆ ನಾವೇ.

ಹಾಗೆಂದು ದೊಡ್ಡ ಕಾಣಿಕೆಯೇ ಬೇಡ, ಬಡವರ ಕಾಸೇ ಸಾಕು ಎನ್ನುವ ಮಾತು ಕೇಳಲು ಚೆನ್ನ. ಅದನ್ನು ನಾವು ಒಪ್ಪುವುದಿಲ್ಲ. ವಿಧವೆಯ ಕಾಸಿಗೆ ದೇವರ ತಕ್ಕಡಿಯಲ್ಲಿ ಎಷ್ಟೇ ತೂಕವಿದ್ದರೂ, ಅಂಗಡಿಯವನ ತಕ್ಕಡಿಯಲ್ಲಿ ಅದಕ್ಕೆ ಬರುವ ಬೇಳೆ ಅಷ್ಟೇ. ಸಿರಿವಂತರ ಮುಂದೆ ಕೈಯೊಡ್ಡಲು ನಾಚಿ ಮನೆಯಲ್ಲೇ ಕುಳಿತವನು ತನ್ನ ಮಾನ ಉಳಿಸಿಕೊಂಡಿರಬಹುದು. ಆ ಮಾನದ ಬೆಲೆಯನ್ನು ಹಸಿದವರು ಕೊಟ್ಟಿರುತ್ತಾರೆ.

ಸಂತ ಪೌಲರನ್ನು ನಾವು ಪ್ರೇಷಿತರೆಂದು, ಧರ್ಮಶಾಸ್ತ್ರಿಗಳೆಂದು ಕಾಣುತ್ತೇವೆ. ಅವರು ಹಣ ಕೂಡಿಸಿದವರೂ ಹೌದು, ಅದರಲ್ಲಿ ಬಹಳ ನುರಿತವರು. ಕ್ಲೌದಿಯ ಚಕ್ರವರ್ತಿಯ ಕಾಲದಲ್ಲಿ ಬರ ಬಿದ್ದಾಗ ಅಂತಿಯೋಕ್ಯದ ವಿಶ್ವಾಸಿಗಳು ಜುದೇಯದವರಿಗೆ ಕಳಿಸಿದ ನೆರವನ್ನು ಹೊತ್ತೊಯ್ದವರು ಬಾರ್ನಬ ಮತ್ತು ಅವರೇ. ಆಮೇಲೆ ಜೆರುಸಲೇಮಿನ ಬಡವರಿಗಾಗಿ ಗಲಾತ್ಯ, ಮಕೆದೋನಿಯ, ಅಖಾಯಗಳಲ್ಲಿ ವರ್ಷಗಟ್ಟಲೆ ದೊಡ್ಡ ಸಂಗ್ರಹ ನಡೆಸಿದರು. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಮಕೆದೋನಿಯದವರು ಬಡತನದಲ್ಲೂ ಎಷ್ಟು ಕೊಟ್ಟರೆಂದು ಕೊರಿಂಥದವರಿಗೆ ಹೇಳುತ್ತಾರೆ. ಕೊರಿಂಥದವರು ಎಷ್ಟು ಉತ್ಸುಕರೆಂದು ಮಕೆದೋನಿಯದವರ ಮುಂದೆ ಹೊಗಳುತ್ತಾರೆ. ಮಕೆದೋನಿಯದವರು ನನ್ನ ಜೊತೆ ಬಂದಾಗ ನಿಮ್ಮ ಕೈ ಖಾಲಿ ಇದ್ದರೆ ನಾಚಿಕೆ ಯಾರಿಗೆ ಎಂದು ಮೆಲ್ಲನೆ ಚುಚ್ಚುತ್ತಾರೆ. ನಮ್ಮ ಹಬ್ಬದ ಸಮಿತಿಯವರೇ ಬರೆದ ಹಾಗಿದೆ!

ಆದರೆ ಅದೇ ಅಧ್ಯಾಯಗಳಲ್ಲಿ ಇನ್ನೂ ಕೆಲವು ವಿಷಯಗಳಿವೆ. ಇದು ಅಪ್ಪಣೆಯಲ್ಲ ಎಂದು ಅವರು ಬಿಡಿಸಿ ಹೇಳುತ್ತಾರೆ. ಹಣದ ಚೀಲವನ್ನು ಒಬ್ಬರೇ ಹಿಡಿಯುವುದಿಲ್ಲ. ಇಷ್ಟು ದೊಡ್ಡ ಮೊತ್ತದ ಬಗ್ಗೆ ಯಾರೂ ಬೆರಳು ತೋರಿಸಬಾರದೆಂದು ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸುತ್ತಾರೆ. ಕೊಡುವವರನ್ನು ಮೇಲಕ್ಕೇರಿಸಿ ಪಡೆಯುವವರನ್ನು ಕೆಳಗಿಳಿಸುವ ಮಾತು ಅವರದಲ್ಲ. ಇಂದು ನಿಮ್ಮಲ್ಲಿರುವುದು ಅವರ ಕೊರತೆಗೆ, ನಾಳೆ ಅವರಲ್ಲಿರುವುದು ನಿಮ್ಮ ಕೊರತೆಗೆ ಎನ್ನುವ ಸಮಾನತೆಯ ಲೆಕ್ಕ ಅದು.

ಹಣದ ಮೂಲದ ಪ್ರಶ್ನೆಯೂ ನಮ್ಮಲ್ಲಿ ಎದ್ದಿತು, ಬೇಗ ಮುಗಿಯಿತು. ಜಕ್ಕಾಯನ ಮಾತೇ ಸಾಕಾಯಿತು. ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಎಂದ. ಮೋಸಹೋದವರಿಗೆ ನಾಲ್ಕರಷ್ಟು ಎಂದು ಅದನ್ನು ಬೇರೆಯಾಗಿಯೇ ಇಟ್ಟ. ಬಡವನಿಗೆ ಅನ್ನ ಹಾಕಿದರೆ ಮೋಸಹೋದವನ ಸಾಲ ತೀರುವುದಿಲ್ಲ. ಯಾರದೋ ಹಕ್ಕಿನ ಹಣವೆಂದು ನಮಗೆ ತಿಳಿದಿದ್ದರೆ ಅದನ್ನು ಅವರಿಗೇ ಹಿಂತಿರುಗಿಸಿ ಎನ್ನಬೇಕು. ತಿಳಿಯದಿದ್ದರೆ ಸಂಶಯದ ಮೇಲೆ ಒಬ್ಬರ ದಾನವನ್ನು ಹೀಗಳೆಯುವ ಅಧಿಕಾರ ನಮಗಿಲ್ಲ.

ನಿಜವಾಗಿ ನಮ್ಮನ್ನು ತಡೆದು ನಿಲ್ಲಿಸಿದ್ದು ರೋಮನರಿಗೆ ಬರೆದ ಪತ್ರದ 15ನೆಯ ಅಧ್ಯಾಯ. ಸಂಗ್ರಹ ಮುಗಿದಿದೆ, ಪೌಲರು ಜೆರುಸಲೇಮಿಗೆ ಹೊರಟಿದ್ದಾರೆ. ಆಗ ಅವರು ರೋಮಿನವರಲ್ಲಿ ಒಂದು ಪ್ರಾರ್ಥನೆ ಬೇಡುತ್ತಾರೆ. ದಾರಿಯ ಅಪಾಯದಿಂದ ಪಾರಾಗುವುದಷ್ಟೇ ಅಲ್ಲ, ತಾನು ಒಯ್ಯುವ ನೆರವು ಅಲ್ಲಿನ ದೇವಜನರಿಗೆ ಒಪ್ಪಿಗೆಯಾಗಲಿ ಎನ್ನುವುದು. ಹಣ ಬೇರೆ ಜನಾಂಗದವರದು, ಬೇರೆ ಭಾಷೆಯವರದು. ಬಡವರು ಅದನ್ನು ಬೇಡವೆಂದರೆ? ಅಷ್ಟೂರು ತಿರುಗಿ ಕೂಡಿಸಿದವರಿಗೆ ಕೊನೆಗೆ ಉಳಿದ ಅಂಜಿಕೆ ಪಡೆಯುವವರ ಮನಸ್ಸಿನದು. ನಾವು ಆ ಸಿರಿವಂತರ ಮನೆಯಲ್ಲಿ ಆಗಲಿ ಎಂದಾಗ ಯಾರ ಪರವಾಗಿ ಒಪ್ಪಿದ್ದೆವು? ಫೋಟೋದಲ್ಲಿ ನಿಲ್ಲಬೇಕಾದವರು ನಾವಲ್ಲವಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಊಟದ ಮನೆಯಲ್ಲಿ ಸೇವೆ ಮಾಡುತ್ತಿದ್ದ ಜಾನ್ ವ್ಯಾನ್ ಹೆಂಗೆಲ್ ಅವರು 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಆರಂಭಿಸಿದರು. ಜಗತ್ತಿನ ಮೊದಲ ಆಹಾರ ಬ್ಯಾಂಕ್ ಎಂದು ಅದನ್ನು ಕರೆಯುತ್ತಾರೆ. ಅಲ್ಲಿನ ಸಂತ ಮರಿಯಮ್ಮನವರ ಧರ್ಮಕೇಂದ್ರ ಒಂದು ಹಳೆಯ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟಿತು. ಅಂದಿನ ದಿನಕ್ಕೆ ಅದು ದೊಡ್ಡ ಕಾಣಿಕೆಯೇ. ಆದರೆ ಆ ಯೋಚನೆ ಹುಟ್ಟಿದ್ದು ಕೊಟ್ಟವರಲ್ಲಿ ಅಲ್ಲ. ಅಂಗಡಿಯ ಹಿಂದಿನ ಕಸದ ಡಬ್ಬಿಗಳಿಂದ ಆಯ್ದು ಹತ್ತು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ, ಬ್ಯಾಂಕಿನಲ್ಲಿ ಹಣ ಇಡುವ ಹಾಗೆ ಉಳಿದ ಆಹಾರವನ್ನು ಇಡಲು ಒಂದು ಜಾಗ ಇರಬೇಕು ಎಂದಳಂತೆ. ವ್ಯಾನ್ ಹೆಂಗೆಲ್ ಅವರೇ ಇದನ್ನು ಹೇಳುತ್ತಿದ್ದರು. ಅವರು ಆಕೆಯ ಮಾತನ್ನು ಕೇಳಿಸಿಕೊಂಡರು, ಅಷ್ಟೇ.

ಕೇಳದೆಯೇ ಕೊಡುವವರೂ ಇದ್ದಾರೆ. 2020ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಮಹಿಳೆ 384 ಸಂಸ್ಥೆಗಳಿಗೆ 400 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟರು. ಅನೇಕ ಆಹಾರ ಬ್ಯಾಂಕುಗಳೂ ಅದರಲ್ಲಿದ್ದವು. ಇದಕ್ಕೇ ಖರ್ಚು ಮಾಡಿ ಎನ್ನುವ ಕಟ್ಟಳೆಯೂ ಇರಲಿಲ್ಲ. ನಮಗೆ ಅಂಥವರು ಸಿಕ್ಕಿಲ್ಲ. ನಮ್ಮ ಸುತ್ತಲಿನ ದೊಡ್ಡ ಕಂಪನಿಗಳು 2013ರ ಕಾನೂನಿನಂತೆ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅವರನ್ನೂ ಕೇಳಿದ್ದೆವು. ಅವರಿಗೂ ಫೋಟೋ ಬೇಕು. ಲೆಕ್ಕ ತೋರಿಸಬೇಕಾದವರ ಕಷ್ಟ ನಮಗೆ ಅರ್ಥವಾಗುತ್ತದೆ. ಚೀಲ ತಲುಪಿತೆನ್ನಲು ರಸೀದಿ ಇದೆ, ಸಹಿ ಇದೆ. ಅದಕ್ಕೆ ಮುಖವೇ ಏಕೆ ಬೇಕು ಎನ್ನುವುದು ಮಾತ್ರ ನಮಗೆ ಅರ್ಥವಾಗಿಲ್ಲ.

ಎರಡನೆಯ ವಾರ ಮನೆಮನೆಗೆ ಹೋಗಿ ಕೇಳಿದೆವು. ಉತ್ತರ ಒಂದೇ ಆಗಿರಲಿಲ್ಲ. ಬೆನ್ನುಮೂಳೆ ಮುರಿದು ಮಲಗಿರುವ ಒಬ್ಬರು ನಕ್ಕು, "ಫೋಟೋ ತೆಗೆದ್ರೆ ಏನು ಸವೆದು ಹೋಗ್ತೀನಾ? ಬೇಳೆ ಬರಲಿ ಸ್ವಾಮಿ" ಎಂದರು. ಅವರ ಮಾತನ್ನು ತಳ್ಳಿಹಾಕಲು ನಾವು ಯಾರು? ಒಂಟಿಯಾಗಿರುವ ಒಬ್ಬ ಅಜ್ಜಿ ಮಾತ್ರ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮಗ ಬೆಂಗ್ಳೂರಲ್ಲಿ ಅವ್ನೆ ಕಣಪ್ಪಾ. ಅವ್ನ ಹೆಂಡ್ತಿ ಕಡೆಯೋರಿಗೆ ನಾನು ಚೆನ್ನಾಗಿವ್ನಿ ಅಂತ ಹೇಳವ್ನೆ. ಈ ಫೋಟೋ ಅವ್ರ ಫೋನಿಗೆ ಹೋದ್ರೆ ಅವ್ನು ತಲೆ ಎತ್ತೋದು ಹೆಂಗೆ? ಬ್ಯಾಡ, ನನ್ನ ಚೀಲ ಬೇರೆ ಯಾರಿಗಾದ್ರೂ ಕೊಡು" ಎಂದರು. ತಾಯಿಯನ್ನು ನೋಡದ ಮಗನ ಮಾನ ಕಾಯಲು ಹಸಿದಿರಲು ಸಿದ್ಧವಾದ ತಾಯಿ. ಅದು ಸರಿಯೋ ತಪ್ಪೋ ಎಂದು ನಾವು ವಾದಿಸಲಿಲ್ಲ. ನಮ್ಮ ಆಗಲಿ ಎನ್ನುವ ಮಾತು ಆಕೆಯ ಅಡುಗೆಮನೆಯೊಳಗೆ ಏನು ಮಾಡಿತೆಂದು ಕಂಡಿತು.

ಮರಳಿ ಆ ಮಹನೀಯರ ಬಳಿ ಹೋದೆವು. ಮೊದಲು ಒಪ್ಪಿದ್ದು ನಮ್ಮದೇ ತಪ್ಪೆಂದು ಹೇಳಿದೆವು. ಅವರ ಹೆಸರನ್ನು ವಾರ್ಷಿಕ ಲೆಕ್ಕದಲ್ಲಿ ಬರೆಯುತ್ತೇವೆ, ಪೂಜೆಯಲ್ಲಿ ಅವರ ಮನೆಯವರಿಗಾಗಿ ಪ್ರಾರ್ಥಿಸುತ್ತೇವೆ, ಲೆಕ್ಕವನ್ನು ಯಾವಾಗ ಬೇಕಾದರೂ ನೋಡಬಹುದು, ಬೇಕಾದರೆ ಒಂದು ದಿನ ಚೀಲ ಹೊರಲು ನಮ್ಮ ಜೊತೆ ಬರಬಹುದು, ಸಮಾರಂಭ ಮಾತ್ರ ಬೇಡ ಎಂದೆವು. "ನಾಲ್ಕು ಜನಕ್ಕೆ ತಿಳೀಲಿ ಅಂತ ಆಸೆ ಪಡೋದು ತಪ್ಪೇನ್ರೀ?" ಎಂದು ಅವರು ಕೇಳಿದರು. ತಪ್ಪಲ್ಲ ಎಂದೆವು. ಬಡತನದಲ್ಲಿ ಬೆಳೆದು ಮೇಲೆ ಬಂದವರ ಆ ಆಸೆ ನಮಗೂ ಗೊತ್ತು, ಚರ್ಚಿನ ಬೆಂಚುಗಳ ಮೇಲೆ ಎಷ್ಟು ಹೆಸರುಗಳಿವೆ ನೋಡಿ. ಯೋಚಿಸಿ ಹೇಳುತ್ತೇನೆ ಎಂದರು. ಇದನ್ನು ಬರೆಯುವ ತನಕ ಹೇಳಿಲ್ಲ.

ಕೈಯಲ್ಲಿರುವ ದಾಸ್ತಾನು ಪಾಸ್ಖ ಹಬ್ಬದ ತನಕ ಬರುತ್ತದೆ. ಅಂಗಡಿಯ ಬಾಕಿ ಹಾಗೆಯೇ ಇದೆ. ಅವರು ಬರದೇ ಹೋದರೆ ನಷ್ಟ ನಮಗಲ್ಲ, ಬೇಳೆ ಬರಲಿ ಎಂದು ನಕ್ಕವರಿಗೆ. ಈ ಮಾತು ಸಭೆಯಲ್ಲಿ ಎದ್ದಾಗ ಯಾರ ಬಳಿಯೂ ಉತ್ತರವಿರಲಿಲ್ಲ.

ಕಳೆದ ಗುರುವಾರ ಆ ಮನೆಯಿಂದ ಫೋನ್ ಬಂತು. ಮಾತನಾಡಿದ್ದು ಅವರ ಶ್ರೀಮತಿ. ಆ ಅಜ್ಜಿ ಅನ್ನ ಉಣ್ಣುತ್ತಾರೋ ಮುದ್ದೆಯೋ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಸಂಜೆ ಹೋಗಿ ವಿಚಾರಿಸಿದೆವು. ಮುದ್ದೆಯೇ, ಅನ್ನ ಹಬ್ಬಕ್ಕೆ ಮಾತ್ರ ಎಂದರು. ತಳಿ, ಡೆಂಕಣಿಕೋಟೆ ಕಡೆಯ ಹಳಬರಲ್ಲಿ ಹೆಚ್ಚಿನವರು ಹಾಗೆಯೇ. ಎರಡು ವರ್ಷದಿಂದ ನಾವು ಕೊಟ್ಟ ಅಕ್ಕಿಯಲ್ಲಿ ಸ್ವಲ್ಪವನ್ನು ಪಕ್ಕದ ಮನೆಗೆ ಕೊಟ್ಟು ರಾಗಿಹಿಟ್ಟು ತರಿಸಿಕೊಳ್ಳುತ್ತಿದ್ದರಂತೆ. ಬರುವ ತಿಂಗಳಿಂದ ಕೆಲವು ಚೀಲಗಳಲ್ಲಿ ರಾಗಿಹಿಟ್ಟು ಇರುತ್ತದೆ. ಯಾರ ಮನೆಗೆ ಯಾವುದು ಎಂಬ ಪಟ್ಟಿಯನ್ನು ಬರೆಯಲು ಮೂರು ಭಾಷೆ ಬಲ್ಲ ಇಬ್ಬರು ಬೇಕಾಗಿದ್ದಾರೆ. ಭಾನುವಾರ ಎರಡನೆಯ ಪೂಜೆಯ ನಂತರ ಸಭಾಂಗಣದಲ್ಲಿ ಸಿಗುತ್ತೇವೆ.