ಬಚ್ಚಿಟ್ಟದ್ದು ಯಾರಿಗೆ?

ನಮ್ಮ ಸೀಮೆಯಲ್ಲಿ ಬೆಟ್ಟವಿದ್ದಲ್ಲಿ ಕೋಟೆ, ಕೋಟೆಯಿದ್ದಲ್ಲಿ ನಿಧಿಯ ಕಥೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ನಿಡುಗಲ್ಲು, ಮೊಗಲರ ಕಾಲದಲ್ಲಿ ಸುಬಾ ಕೇಂದ್ರವಾಗಿದ್ದ ಶಿರಾ, ಎಲ್ಲಿಗೆ ಹೋದರೂ ಜಗಲಿಯ ಮೇಲೆ ಕೂತ ಒಬ್ಬ ಅಜ್ಜ ಸಿಗುತ್ತಾನೆ. ಆತನ ಬಾಯಲ್ಲಿ ಏಳು ಕೊಪ್ಪರಿಗೆ ಹೊನ್ನು ಇದ್ದೇ ಇರುತ್ತದೆ. ಹೊನ್ನಿನ ಜೊತೆಗೆ ಒಂದು ಒಗಟು: ಇಂಥ ಹುಣ್ಣಿಮೆಯಂದು ಗರುಡಗಂಬದ ನೆರಳಿನ ತುದಿ ಮುಟ್ಟುವ ಜಾಗ, ಇಲ್ಲವೇ ಬಸವಣ್ಣ ದೃಷ್ಟಿಯಿಟ್ಟ ದಿಕ್ಕಿಗೆ ಇಷ್ಟು ಮಾರು. ಒಗಟು ಬಿಡಿಸಿದವನಿಗೆ ಹೊನ್ನು. ಅಜ್ಜ ಮಾತ್ರ ಅದನ್ನು ಬಿಡಿಸುವ ಗೋಜಿಗೆ ಹೋಗದೆ ಎಲೆಯಡಿಕೆ ಹಾಕಿಕೊಂಡು ಸುಖವಾಗಿರುತ್ತಾನೆ. ಅವನೇ ಜಾಣ.

ಎಲ್ಲರೂ ಅಷ್ಟು ಜಾಣರಲ್ಲ. ಒಡೆದ ಲಿಂಗ, ಅಗೆದ ಗರ್ಭಗುಡಿ, ಹೊಟ್ಟೆ ಸೀಳಿಸಿಕೊಂಡ ನಂದಿ, ಇವನ್ನು ನಾಡಿನ ಹಾಳು ದೇಗುಲಗಳಲ್ಲಿ ನೋಡುತ್ತಲೇ ಬಂದಿದ್ದೇವೆ. ಕಾಣದ ಚಿನ್ನಕ್ಕಾಗಿ ಕಣ್ಣೆದುರಿನ ಶಿಲ್ಪವನ್ನು ಒಡೆಯುವ ಕೆಲಸ ಅದು. ನಮ್ಮ ಹಳ್ಳಿಯಲ್ಲೇ ಒಬ್ಬರಿದ್ದರು. ಮಂತ್ರವಾದಿಯ ಮಾತು ನಂಬಿ ಕೆರೆಯ ಕೆಳಗಿನ ಎರಡು ಎಕರೆ ಗದ್ದೆ ಮಾರಿ, ಆ ದುಡ್ಡನ್ನೆಲ್ಲ ಅಮಾವಾಸ್ಯೆಯ ಪೂಜೆಗೆ ಸುರಿದರು. ಹತ್ತು ವರ್ಷ ಅಗೆದರು. ಅವರ ಮಕ್ಕಳು ಕಲ್ಲು ಒಡೆಯುವ ಕೂಲಿಗೆ ಹೋದರು. ಆದರೆ ಆತ ದುಷ್ಟರಾಗಿರಲಿಲ್ಲ. ಬಾಯಾರಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುತ್ತಿದ್ದ ಮನುಷ್ಯ. ಹುಡುಕಾಟ ಅಂಥವರನ್ನು ಏಕೆ ಹಾಗೆ ಮಾಡುತ್ತದೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಈ ಪ್ರಶ್ನೆಗೆ ಹೊಸದೊಂದು ಬೆಳಕು ಬಂದದ್ದು ಒಂದು ಆಟದಿಂದ. ಆಟದ ಹೆಸರು ಜಿಯೋಕ್ಯಾಷಿಂಗ್. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗನಿಗೆ ಅದರ ಹುಚ್ಚು. ಅಮೆರಿಕ ಸರಕಾರ ತನ್ನ ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಒಂದಿಷ್ಟು ತಪ್ಪು ಬೆರೆಸುತ್ತಿತ್ತು. ಜನಸಾಮಾನ್ಯರ ಯಂತ್ರ ನೂರು ಮೀಟರಿನಷ್ಟು ಅತ್ತಿತ್ತ ತೋರಿಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಬೆರಕೆ ನಿಂತಿತು. ಒಂದೆರಡು ದಿನದಲ್ಲೇ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆಲ್ಲ ಸಾರಿದ. ಬಕೆಟ್ಟಿನಲ್ಲಿದ್ದ ಸಾಮಾನುಗಳಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು! ನಿಯಮ ಸರಳ: ಹುಡುಕಿದವನು ಏನಾದರೂ ತೆಗೆದುಕೊಂಡರೆ ಏನಾದರೂ ಇಡಬೇಕು; ಅಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು; ಡಬ್ಬಿಯನ್ನು ಇದ್ದಲ್ಲೇ ಬಿಟ್ಟು ಬರಬೇಕು. ನೆಲ ಅಗೆದು ಹೂಳುವಂತಿಲ್ಲ. ಇಂದು ಲೋಕದ ತುಂಬ ಅಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಮಿಗಿಲಾಗಿವೆ. ಕೆಲವಕ್ಕೆ ನೇರ ಗುರುತಿರುವುದಿಲ್ಲ. ಮೊದಲು ಒಗಟು ಬಿಡಿಸಬೇಕು.

ಹುಡುಗ ನಮಗಾಗಿ ತಾನೇ ಒಂದು ಒಗಟಿನ ನಡಿಗೆ ಕಟ್ಟಿದ. ನಮ್ಮ ಜಯಮಂಗಲಿ ಮಳೆಗಾಲ ಬಿಟ್ಟರೆ ಬರಿಯ ಮರಳು. ಸೇತುವೆಯ ಬೆಲೆ ತಿಳಿಯಬೇಕಾದರೆ ಕಾವೇರಿಗೇ ಹೋಗಬೇಕೆಂದು ಎಲ್ಲರನ್ನೂ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಕರೆದೊಯ್ದ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಸೇತುವೆ ಅದು. ನದಿಯೊಳಗೆ ಕಲ್ಲುಕಂಬಗಳ ಸಾಲು, ಕಂಬದ ಮೇಲೆ ಚಾಚುಗಲ್ಲು, ಅದರ ಮೇಲೆ ತೊಲೆಗಲ್ಲು. ಇನ್ನೂರು ವರ್ಷದ ಪ್ರವಾಹಗಳನ್ನು ಕಂಡು ನಿಂತಿದೆ. ಒಗಟೂ ಅದಕ್ಕೆ ತಕ್ಕ ಹಾಗೆಯೇ ಇತ್ತು: ಸೇತುವೆ ಮುಗಿದ ಇಸವಿಯ ಅಂಕಿಗಳನ್ನು ಕೂಡಿ, ಕಟ್ಟಿಸಿದ ದಿವಾನರ ಹೆಸರಿನ ಅಕ್ಷರಗಳನ್ನು ಕಳೆಯಿರಿ, ದಾಟಿದ ಮೇಲೆ ಅಷ್ಟು ಹೆಜ್ಜೆ. ಒಂದೂ ಎಂಟೂ ಸೊನ್ನೆಯೂ ನಾಲ್ಕೂ ಹದಿಮೂರು. ಪೂ, ರ್ಣ, ಯ್ಯ ಮೂರು. ಉಳಿದದ್ದು ಹತ್ತು ಹೆಜ್ಜೆ. ಸೇತುವೆಯ ಕಲ್ಲನ್ನು ಮುಟ್ಟಬಾರದೆಂದು ಡಬ್ಬಿಯನ್ನು ಆಚೆ ದಡದ ಮರದ ಬೇರಿನ ಸಂದಿಯಲ್ಲಿಟ್ಟಿದ್ದ.

ಡಬ್ಬಿ ತೆರೆದರೆ ಒಂದು ಸಣ್ಣ ನೋಟು ಪುಸ್ತಕ, ಒಂದು ಮೊಂಡು ಪೆನ್ಸಿಲು. ಜೊತೆಗಿದ್ದ ಹತ್ತು ವರ್ಷದ ಹುಡುಗಿಯ ಮುಖ ಬಾಡಿತು. ‘ಇಷ್ಟೇನಾ?’ ಎಂದಳು. ಹತ್ತಿರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ನಮ್ಮನ್ನೇ ಗಮನಿಸುತ್ತಿದ್ದವಳು, ‘ಏನ್ ಸಿಕ್ತು?’ ಎಂದು ಕೇಳಿದಳು. ‘ಏನಿಲ್ಲ, ಹೆಸರು ಬರೆದ್ವಿ’ ಎಂದೆ. ಆಕೆ ಕೈಯಲ್ಲಿದ್ದ ಸೀರೆಯನ್ನು ಹಿಂಡುತ್ತಾ ನಕ್ಕಳು. ‘ಹೆಸರು ಬರಿಯಾಕೆ ಹೊಳೆ ದಾಟಿ ಬಂದ್ರಾ ಸ್ವಾಮಿ?’

ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಒಂದು ಮೊಂಡು ಪೆನ್ಸಿಲನ್ನು ಕದಿಯದೆ ಬಿಟ್ಟು ಬರುವುದರಲ್ಲಿ ಯಾವ ಹೆಚ್ಚುಗಾರಿಕೆ? ಅಲ್ಲಿ ಹೊನ್ನಿದ್ದರೆ ಈ ಆಟಗಾರರೆಲ್ಲ ಹೆಸರು ಬರೆದು ಹಿಂದಿರುಗುತ್ತಿದ್ದರೇ? ಬೆಲೆಯಿಲ್ಲದ್ದರ ಮುಂದೆ ಪ್ರಾಮಾಣಿಕರಾಗುವುದು ಸುಲಭ. ಹಾಗಾದರೆ ಇದು ಬರಿಯ ಮಕ್ಕಳಾಟವೇ?

ಹೌದು, ಆಟವೇ. ಆದರೆ ಅದು ಒಂದು ಭೇದವನ್ನು ನಿಚ್ಚಳವಾಗಿ ತೋರಿಸಿಕೊಡುತ್ತದೆ. ಬಚ್ಚಿಡುವುದರಲ್ಲಿ ಎರಡು ಬಗೆ. ಯಾರಿಗೂ ಸಿಗದಿರಲಿ ಎಂದು ಬಚ್ಚಿಡುವುದು ಒಂದು. ಯಾರಿಗಾದರೂ ಸಿಗಲಿ ಎಂದು ಬಚ್ಚಿಡುವುದು ಇನ್ನೊಂದು. ಕೊಪ್ಪರಿಗೆ ಹೂತವನ ಮನಸ್ಸಿನಲ್ಲಿ ಮುಂದೆ ಬರುವವನು ಕಳ್ಳ. ಡಬ್ಬಿ ಇಟ್ಟವನ ಮನಸ್ಸಿನಲ್ಲಿ ಮುಂದೆ ಬರುವವನು ಅತಿಥಿ. ಹುಡುಕುವವರಲ್ಲೂ ಅದೇ ಭೇದ. ನಮ್ಮ ಹಳ್ಳಿಯ ಆ ಹಿರಿಯರು ತಾವೇ ಕೊನೆಯವರೆಂಬಂತೆ ಅಗೆದರು. ಗದ್ದೆ ತಮ್ಮ ನಂತರದವರಿಗೂ ಬೇಕೆಂಬುದು ಆ ಹತ್ತು ವರ್ಷ ಅವರಿಗೆ ಹೊಳೆಯಲೇ ಇಲ್ಲ. ದುರಾಸೆ ಎಂದು ನಾವು ಸುಲಭವಾಗಿ ಹೆಸರಿಟ್ಟುಬಿಡುವುದು ಹಲವು ಸಲ ಈ ಮರೆವೇ ಇರಬಹುದು: ನನ್ನ ಹಿಂದೆ ಇನ್ನೊಬ್ಬ ಬರುತ್ತಿದ್ದಾನೆ ಎಂಬುದರ ಮರೆವು.

ಹೊನ್ನು ಸಿಕ್ಕಾಗಲೂ ಈ ‘ಇನ್ನೊಬ್ಬ’ನನ್ನು ಕಾನೂನು ಮರೆಯುವುದಿಲ್ಲ. 1878ರ ನಿಧಿ ಕಾನೂನಿನಲ್ಲೇ ಹತ್ತು ರೂಪಾಯಿಗೆ ಮಿಕ್ಕ ಬೆಲೆಯ ವಸ್ತು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದಿತ್ತು. ನಮ್ಮ ರಾಜ್ಯಕ್ಕೆ ಅದರದೇ ಕಾನೂನು 1962ರಲ್ಲಿ ಬಂತು. ಸಿಕ್ಕದ್ದು ಸಿಕ್ಕವನದೇ ಎಂಬ ಮಾತನ್ನು ಕಾನೂನು ಕಣ್ಣು ಮುಚ್ಚಿ ಒಪ್ಪಲಿಲ್ಲ. ಆದರೆ ದಂಡದ ಭಯದಿಂದ ಬರುವ ನೆನಪು ಕತ್ತಲಾದ ಮೇಲೆ ಉಳಿಯುವುದಿಲ್ಲ. ಅದು ಅಭ್ಯಾಸದಿಂದ ಬರಬೇಕು. ಅಭ್ಯಾಸಕ್ಕೆ ಮೊಂಡು ಪೆನ್ಸಿಲೇ ಸಾಕು. ಮರಳಿನ ಮೇಲೆ ಬೆರಳಿಂದ ತಿದ್ದಿಯೇ ಅಲ್ಲವೇ ನಮ್ಮ ಹಿರಿಯರು ಅಕ್ಷರ ಕಲಿತದ್ದು?

ಹಾಗೆ ನೋಡಿದರೆ ಆ ದಿನ ನಾವು ಹುಡುಕಿದ್ದು ಡಬ್ಬಿಯನ್ನು, ನಡೆದದ್ದು ಮಾತ್ರ ನಿಜವಾದ ನಿಧಿಯ ಮೇಲೆ. ಬಚ್ಚಿಡದೆ ಬಯಲಲ್ಲಿಟ್ಟ ನಿಧಿ ಸೇತುವೆ. ಕಟ್ಟಿಸಿದವರು ಪೂರ್ಣಯ್ಯ, ಹೆಸರು ಪಡೆದದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ, ಕಲ್ಲು ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ದಾಟಿದವರಿಗೆಲ್ಲ ಅದು ಪೂರ್ತಿಯಾಗಿ ದಕ್ಕಿದೆ. ಯಾರು ದಾಟಿದರೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ನಮ್ಮ ಕಡೆಯ ಹಳೆಯ ದಾರಿಗಳ ಪಕ್ಕದಲ್ಲಿ ಒಂದೊಂದು ಕಡೆ ಹೊರೆಗಲ್ಲುಗಳು ಉಳಿದಿವೆ. ನಿಂತ ಎರಡು ಕಲ್ಲು, ಮೇಲೊಂದು ಅಡ್ಡಗಲ್ಲು, ತಲೆಹೊರೆಯವರು ಇನ್ನೊಬ್ಬರ ಕೈಗೆ ಕಾಯದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಎಂದು. ಯಾರ ಹೊರೆ, ಯಾವ ಜಾತಿ, ಯಾವ ಊರು ಎಂದು ಕಲ್ಲು ನಿಲ್ಲಿಸಿದವರು ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ, ಆ ಹೊರೆಯವರು ಇನ್ನೂ ಹುಟ್ಟಿರಲಿಲ್ಲ.