ಅಗ್ಗದ ಕೋಣೆ ಯಾರಿಗೆ ಅಗ್ಗ?

ಶಾಲೆಗಳಿಗೆ ಬೇಸಿಗೆ ರಜೆ ಹತ್ತಿರವಾಯಿತೆಂದರೆ ನಮ್ಮ ಸಂಘದ ಊಟದ ಸಾಲಿನಲ್ಲಿ ಬಿಸಿಬೇಳೆಭಾತಿನಷ್ಟೇ ಬಿಸಿಯಾದ ಇನ್ನೊಂದು ವಿಷಯ ಇರುತ್ತದೆ. ಯೂರೋಪಿನಲ್ಲಿ ಯಾರು ಎಷ್ಟು ಅಗ್ಗಕ್ಕೆ ಕೋಣೆ ಹಿಡಿದರು ಎಂಬುದೇ ಆ ವಿಷಯ. ರೋಮಿನಲ್ಲಿ, ಅಥೆನ್ಸಿನಲ್ಲಿ, ಬಾರ್ಸಿಲೋನಾದಲ್ಲಿ, ಅದೂ ಊರ ನಟ್ಟನಡುವೆ, ಇಷ್ಟೇ ಇಷ್ಟು ಯೂರೋ ಎಂದು ಹೇಳುವವರ ಮುಖದಲ್ಲಿ ಮಗಳು ಸ್ಪೆಲಿಂಗ್ ಬೀ ಗೆದ್ದಷ್ಟು ಸಂತೋಷ. ನಾನೂ ಆ ಗುಂಪಿನವನೇ. ದುಂದುವೆಚ್ಚ ನಮ್ಮ ಪೀಳಿಗೆಗೆ ಬಾರದ ವಿದ್ಯೆ. ಎರಡು ಸೂಟ್‌ಕೇಸುಗಳೊಂದಿಗೆ ಈ ದೇಶಕ್ಕೆ ಬಂದಿಳಿದವರು ಕೂಪನ್ ಕತ್ತರಿಸುವುದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆದರೆ ವೈದ್ಯನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವುದೇ ಸಂಖ್ಯೆ ಇರಬೇಕಾದ್ದಕ್ಕಿಂತ ಕಡಿಮೆ ಕಂಡರೆ, ಏಕೆ ಕಡಿಮೆಯಾಯಿತು ಎಂದು ಕೇಳದೆ ಅವನು ಮುಂದೆ ಹೋಗಲಾರ. ಹಿಮೋಗ್ಲೋಬಿನ್ ಕಡಿಮೆ ಎಂದರೆ ರಕ್ತ ಎಲ್ಲೋ ಸೋರುತ್ತಿರಬೇಕು, ಇಲ್ಲವೆ ಸರಿಯಾಗಿ ತಯಾರಾಗುತ್ತಿಲ್ಲದಿರಬೇಕು. ಕೋಣೆಯ ಬಾಡಿಗೆಯೂ ಹಾಗೆಯೇ. 150 ಯೂರೋ ನಡೆಯುವ ಊರಿನಲ್ಲಿ 70 ಯೂರೋಗೆ ಕೋಣೆ ಸಿಕ್ಕಿತೆಂದರೆ ಉಳಿದ 80 ಯೂರೋವನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ. ಯಾರು ಬಿಟ್ಟುಕೊಟ್ಟರು? ನೋಡಲು ಇದು ಲೆಕ್ಕದ ಪ್ರಶ್ನೆ. ನನ್ನ ಮಟ್ಟಿಗೆ ಇದು ಧರ್ಮದ ಪ್ರಶ್ನೆಯೂ ಹೌದು.

2023ರ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಬಾರ್ಸಿಲೋನಾದಲ್ಲಿ ನಾಲ್ಕು ರಾತ್ರಿ ಇಂಥ ಒಂದು ಕೋಣೆಯಲ್ಲಿದ್ದೆವು. ರಾಂಬ್ಲಾ ಎಂಬ ಪ್ರಸಿದ್ಧ ಬೀದಿಯಿಂದ ಒಳಕ್ಕೆ, ಎರಡು ಕೊಡೆ ಎದುರುಬದುರಾದರೆ ಒಂದನ್ನು ಮಡಚಬೇಕಾದ ಗಲ್ಲಿ. ಸ್ಪ್ಯಾನಿಷಿನಲ್ಲಿ ಇಂಥ ಜಾಗವನ್ನು 'ಓಸ್ತಾಲ್' ಎನ್ನುತ್ತಾರೆ. ನಮ್ಮ ವಿದ್ಯಾರ್ಥಿಗಳ ಹಾಸ್ಟೆಲ್ ಅಲ್ಲ, ಮೆಜೆಸ್ಟಿಕ್ಕಿನ ಸುತ್ತಮುತ್ತಲ ಲಾಡ್ಜಿಗೆ ಹತ್ತಿರದ ನೆಂಟ ಎನ್ನಬಹುದು. ಮೂರನೆಯ ಮಹಡಿ ಎಂದು ಬರೆದಿತ್ತು. ಆ ಊರಿನ ಹಳೆಯ ಕಟ್ಟಡಗಳಲ್ಲಿ ನೆಲದ ಮೇಲೆ 'ಎಂತ್ರೆಸೋಲ್', ಅದರ ಮೇಲೆ 'ಪ್ರಿನ್ಸಿಪಾಲ್', ಅದಾದ ಮೇಲೆ ಒಂದನೆಯ ಮಹಡಿ ಶುರು. ಹಾಗಾಗಿ ಮೂರು ಎಂದರೆ ಐದು. ಲಿಫ್ಟ್ ಇರಲಿಲ್ಲ. ಸ್ನಾನದ ಮನೆ ಮೂರು ಕೋಣೆಗಳಿಗೆ ಒಂದು. ಕಿಟಕಿ ತೆರೆದರೆ ಸಮುದ್ರವೂ ಇಲ್ಲ, ಚರ್ಚಿನ ಗೋಪುರವೂ ಇಲ್ಲ. ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಬಾವಿಯಂಥ ಜಾಗ. ಅದರ ಆಚೆ ಬದಿ ಊರಿನವರ ಮನೆಗಳು. ಒಬ್ಬರ ಒಗೆದ ಬಟ್ಟೆ, ಇನ್ನೊಬ್ಬರ ಬೆಳ್ಳುಳ್ಳಿ ಒಗ್ಗರಣೆ, ಮತ್ತೊಬ್ಬರ ಟೀವಿ ಎಲ್ಲವೂ ನಮ್ಮ ಕೋಣೆಯ ಪಾಲಿಗೆ ಬಂದವು.

ಈ ಕೋಣೆ ಏಕೆ ಅಗ್ಗ ಎಂಬುದಕ್ಕೆ ಉತ್ತರ ಅರ್ಧದಷ್ಟು ಅಲ್ಲಿಯೇ ಇತ್ತು. ನಾವು ಐದು ಮಹಡಿ ಹತ್ತಿದೆವು, ಸ್ನಾನಕ್ಕೆ ಕಾದೆವು, ಕಡಲ ನೋಟವನ್ನು ಬಿಟ್ಟೆವು. ನಮ್ಮ ಸುಖದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಹಣ ಉಳಿಸಿದೆವು. ಇದು ನ್ಯಾಯವಾದ ಅಗ್ಗ. ಇದರಿಂದ ಯಾರ ಅನ್ನವೂ ಹೋಗಲಿಲ್ಲ. ಮಣ್ಣಿನ ಬಣ್ಣದ ಹಳೆಯ ನಗರಗಳನ್ನು ನೋಡುವ ಹಕ್ಕು ಹಣವಂತರದು ಮಾತ್ರವಲ್ಲ. ಶಾಲಾ ಮೇಷ್ಟ್ರಿಗೂ, ಕಾಲೇಜು ಹುಡುಗರಿಗೂ ಅದು ಇರಬೇಕಾದರೆ ಲಿಫ್ಟ್ ಇಲ್ಲದ ಐದನೆಯ ಮಹಡಿಗಳು ಇರಲೇಬೇಕು.

ನಮ್ಮಲ್ಲಿ ಇನ್ನೊಂದು ಬಗೆಯ ಅಗ್ಗವೂ ಇತ್ತು. ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರವನ್ನು ನಮ್ಮ ಹಿರಿಯರಲ್ಲಿ ಅನೇಕರು ಬಲ್ಲರು. ಅಲ್ಲಿ ಉಳಿದ ಪ್ರಯಾಣಿಕ ಕೊಡದ ಹಣವನ್ನು ಕಟ್ಟಿಸಿದವರು ಮೊದಲೇ ಕೊಟ್ಟಿದ್ದರು, ಮನಸಾರೆ ಕೊಟ್ಟಿದ್ದರು. ಅದು ದಾನದ ಅಗ್ಗ. ತಾನೇ ಕಷ್ಟಪಟ್ಟು ಗಳಿಸಿದ ಅಗ್ಗ, ಇನ್ನೊಬ್ಬರು ಇಷ್ಟಪಟ್ಟು ಕೊಟ್ಟ ಅಗ್ಗ, ಎರಡರಲ್ಲೂ ಅಧರ್ಮವಿಲ್ಲ. ತೊಡಕಿರುವುದು ಮೂರನೆಯದರಲ್ಲಿ. ಯಾರನ್ನೂ ಕೇಳದೆ, ಅವರ ಕೈಯಿಂದ ಕಿತ್ತು ನಮಗೆ ಕೊಟ್ಟ ಅಗ್ಗ ಅದು. ನಮ್ಮ ಕಣ್ಣಿಗೆ ಅದು ಸಾಮಾನ್ಯವಾಗಿ ಬೀಳುವುದಿಲ್ಲ.

ಕೋಣೆ ಚೊಕ್ಕಟ ಮಾಡುವ ಹೆಂಗಸರನ್ನೇ ತೆಗೆದುಕೊಳ್ಳೋಣ. ಸ್ಪೇನಿನಲ್ಲಿ ಇವರು 2016ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಹೆಸರು 'ಲಾಸ್ ಕೆಲ್ಲೀಸ್'. 'ಚೊಕ್ಕಟ ಮಾಡುವವರು' ಎಂಬ ಅರ್ಥದ ಸ್ಪ್ಯಾನಿಷ್ ಮಾತನ್ನು ಬೇಗ ಬೇಗ ಹೇಳಿದರೆ ಹಾಗೆ ಕೇಳಿಸುತ್ತದೆಯಂತೆ. 2012ರ ಕಾರ್ಮಿಕ ಕಾನೂನಿನ ತಿದ್ದುಪಡಿಯ ನಂತರ ಅನೇಕ ಹೋಟೆಲುಗಳು ಈ ಕೆಲಸವನ್ನು ಹೊರಗಿನ ಗುತ್ತಿಗೆ ಕಂಪನಿಗಳಿಗೆ ವಹಿಸಿದವು. ಇಡೀ ಹೋಟೆಲ್ ಉದ್ಯಮಕ್ಕೆ ಒಪ್ಪಿಕೊಂಡ ಸಂಬಳಕ್ಕಿಂತ ಕಡಿಮೆ ಕೊಡಲು ಆ ಕಂಪನಿಗಳಿಗೆ ದಾರಿಯಾಯಿತು. 2021ರ ಕೊನೆಯಲ್ಲಿ ಸರ್ಕಾರ ಕಾನೂನನ್ನು ಮತ್ತೆ ತಿದ್ದಿ, ಸಂಬಳದ ವಿಷಯದಲ್ಲಿ ಆ ದಾರಿಯನ್ನು ಮುಚ್ಚಿತು. ನಡುವಿನ ಒಂಬತ್ತು ವರ್ಷ ಎಷ್ಟೋ ಪ್ರವಾಸಿಗಳ ಉಳಿತಾಯದಲ್ಲಿ ಒಂದು ಪಾಲು ಈ ಹೆಂಗಸರ ಸಂಬಳದಿಂದ ಬಂತು.

ಸಂಬಳ ಮಾತ್ರವಲ್ಲ, ಮೈಯಿಂದಲೂ ಬಂತು. ಒಂದು ದೊಡ್ಡ ಹಾಸಿಗೆಯ ನಾಲ್ಕು ಮೂಲೆ ಎತ್ತಿ ಬಿಳಿ ಹೊದಿಕೆಯನ್ನು ಸುಕ್ಕಿಲ್ಲದಂತೆ ಸಿಕ್ಕಿಸುವುದನ್ನು ಒಮ್ಮೆ ಮಾಡಿ ನೋಡಿ. ನಂತರ ಅದನ್ನೇ ದಿನವಿಡೀ, ಗಡಿಯಾರ ನೋಡುತ್ತಾ ಮಾಡುವುದನ್ನು ಊಹಿಸಿಕೊಳ್ಳಿ. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನೆಲ್, ಮೊಣಕೈ ನೋವು, ಸೊಂಟ ನೋವು, ಭುಜ ಮೇಲೆತ್ತಲಾಗದಿರುವುದು, ಇವುಗಳನ್ನು ನನ್ನ ಕ್ಲಿನಿಕ್ಕಿನಲ್ಲೂ ಈ ಕಸುಬಿನವರಲ್ಲಿ ಕಂಡಿದ್ದೇನೆ. 2018ರಲ್ಲಿ ಸ್ಪೇನ್ ಸರ್ಕಾರ ಕೋಣೆ ಕೆಲಸದವರ ಇಂಥ ಕೆಲವು ಕಾಯಿಲೆಗಳನ್ನು ಕಸುಬಿನಿಂದಲೇ ಬಂದ ಕಾಯಿಲೆಗಳೆಂದು ಒಪ್ಪಿಕೊಂಡಿತು. ಅಲ್ಲಿಯವರೆಗೆ ಅದು ಆಕೆಯ ಖಾಸಗಿ ನೋವಾಗಿತ್ತು.

ಇಟಲಿಯ ಮೊಡೆನಾದಲ್ಲಿ ರಮಾಝ್ಝಿನಿ ಎಂಬ ವೈದ್ಯರಿದ್ದರು. 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥವೊಂದನ್ನು ಬರೆದರು. ಹಿಪೊಕ್ರೇಟಿಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತಾ ಬಂದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು, ನೀನು ಮಾಡುವ ಕೆಲಸವೇನು ಎಂದು ಕೇಳಬೇಕು, ಎಂಬುದು ಅವರ ಸಲಹೆ. ಎಂ.ಬಿ.ಬಿ.ಎಸ್. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರು ಅದು. ಈಗ ಯೋಚಿಸಿದರೆ, ಆ ಪ್ರಶ್ನೆ ರೋಗಿಗೆ ಮಾತ್ರ ಸೀಮಿತವಲ್ಲ ಎನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಗಾದೆ ಮಿತವ್ಯಯವನ್ನು ಕಲಿಸುತ್ತದೆ. ಆ ಹಾಸಿಗೆಯನ್ನು ಹಾಸಿದವರು ಯಾರು ಎಂದು ಗಾದೆ ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ಇನ್ನು ಕಿಟಕಿಯಾಚೆಯ ಮನೆಗಳವರ ವಿಷಯ. ಬಾರ್ಸಿಲೋನಾ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಎರಡು ಪಕ್ಕಗಳಲ್ಲಿ ಎರಡು ನದಿಗಳ ನಡುವೆ ಸಿಕ್ಕಿಕೊಂಡ ಊರು. ಸುಮಾರು 100 ಚದರ ಕಿಲೋಮೀಟರಿನಲ್ಲಿ 16 ಲಕ್ಷಕ್ಕೂ ಹೆಚ್ಚು ಜನ. ನಮ್ಮ ಬೆಂಗಳೂರಿನ ಹಾಗೆ ಹೊಸಕೋಟೆ, ದೇವನಹಳ್ಳಿ ಎಂದು ಚಾಚಿಕೊಳ್ಳಲು ಜಾಗವಿಲ್ಲ. 1992ರ ಒಲಿಂಪಿಕ್ಸ್ ನಂತರ ಜಗತ್ತೇ ಅಲ್ಲಿಗೆ ಹೊರಟಿತು. ಒಂದು ಮನೆಯನ್ನು ಸಂಸಾರವೊಂದಕ್ಕೆ ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ಪ್ರವಾಸಿಗಳಿಗೆ ರಾತ್ರಿ ಲೆಕ್ಕದಲ್ಲಿ ಕೊಡುವುದು ಮಾಲೀಕನಿಗೆ ಲಾಭ. ಹತ್ತು ವರ್ಷದಲ್ಲಿ ಮನೆ ಬಾಡಿಗೆ ಶೇ. 68ರಷ್ಟು ಏರಿತೆಂದು ನಗರದ ಮೇಯರ್ 2024ರ ಜೂನಿನಲ್ಲಿ ಹೇಳಿ, ಪ್ರವಾಸಿ ಫ್ಲ್ಯಾಟುಗಳ 10,101 ಪರವಾನಗಿಗಳನ್ನು 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ ಪ್ರಕಟಿಸಿದರು. ಮುಂದಿನ ತಿಂಗಳು ನಡೆದ ಮೆರವಣಿಗೆಯಲ್ಲಿ ಕೆಲವರು ಹೋಟೆಲುಗಳ ಮುಂದೆ ಕುಳಿತ ಪ್ರವಾಸಿಗಳಿಗೆ ಆಟದ ಪಿಸ್ತೂಲಿನಿಂದ ನೀರು ಹಾರಿಸಿದರು. ನಮಗದು ಅತಿಥಿಗೆ ಮಾಡಿದ ಅವಮಾನವಾಗಿ ಕಾಣುತ್ತದೆ. ಮನೆ ಖಾಲಿ ಮಾಡಿಸಿಕೊಂಡವರಿಗೆ ಅದು ಬೇರೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. "ನಾವು ಕೇಳಿದಷ್ಟು ದುಡ್ಡು ಕೊಟ್ಟಿದ್ದೇವೆ ಡಾಕ್ಟ್ರೇ. ಉಳಿದದ್ದು ಅವರ ಸರ್ಕಾರದ ತಲೆನೋವು." ಈ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ತಿ ಸತ್ಯವೇ? ತೈತ್ತಿರೀಯ ಉಪನಿಷತ್ತು ತಾಯಿ, ತಂದೆ, ಗುರುಗಳ ಸಾಲಿನಲ್ಲಿ ಅತಿಥಿಯನ್ನೂ ದೇವರೆಂದು ಕಾಣಲು ಹೇಳುತ್ತದೆ. ಅತಿಥಿ ಎಂದರೆ ತಿಥಿ ಗೊತ್ತಿಲ್ಲದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಮನುಸ್ಮೃತಿಯ ಪ್ರಕಾರ ಒಂದೇ ರಾತ್ರಿ ತಂಗುವವನು ಮಾತ್ರ ಅತಿಥಿ. ಮೂರು ತಿಂಗಳ ಮೊದಲೇ ತಿಥಿ ಗೊತ್ತುಮಾಡಿಕೊಂಡು, ಕ್ರೆಡಿಟ್ ಕಾರ್ಡ್ ಕೊಟ್ಟು, ನಾಲ್ಕು ರಾತ್ರಿ ಉಳಿಯುವ ನಾವು ಆ ಲೆಕ್ಕದಲ್ಲಿ ದೇವರಾಗಲಾರೆವು. ಹಾಗಾದರೆ ನಾವು ಯಾರು? ಬರೀ ಗಿರಾಕಿಗಳೇ?

ಲ್ಯಾಟಿನ್ ಭಾಷೆಯಲ್ಲಿ 'ಹಾಸ್ಪೆಸ್' ಎಂಬ ಒಂದೇ ಶಬ್ದಕ್ಕೆ ಅತಿಥಿ ಎಂದೂ ಅರ್ಥ, ಆತಿಥೇಯ ಎಂದೂ ಅರ್ಥ. ಹೋಟೆಲ್, ಹಾಸ್ಪಿಟಲ್ ಎರಡೂ ಅದರ ಮಕ್ಕಳೇ. ಬಾರ್ಸಿಲೋನಾದ ರಾವಾಲ್ ಎಂಬ ಬಡಾವಣೆಯಲ್ಲಿ 1401ರಲ್ಲಿ ಆರು ಆಸ್ಪತ್ರೆಗಳನ್ನು ಒಂದುಗೂಡಿಸಿ ಸ್ಥಾಪಿಸಿದ ಪವಿತ್ರ ಶಿಲುಬೆಯ ಆಸ್ಪತ್ರೆಯ ಕಟ್ಟಡ ಈಗಲೂ ಇದೆ. ಈಗ ಅಲ್ಲಿ ಗ್ರಂಥಾಲಯವಿದೆ. 1926ರ ಜೂನಿನಲ್ಲಿ ಟ್ರಾಮ್ ಬಡಿದು ಬಿದ್ದ ಮುದುಕನೊಬ್ಬನನ್ನು, ಹರಕು ಬಟ್ಟೆ ನೋಡಿ ಭಿಕ್ಷುಕನೆಂದು ತಿಳಿದು, ಬಡವರ ಆಸ್ಪತ್ರೆಯಾದ ಇಲ್ಲಿಗೇ ತಂದು ಸೇರಿಸಿದರು. ಮರುದಿನ ಗುರುತು ಸಿಕ್ಕಿತು. ಆತ ಆಂಟೊನಿ ಗೌದಿ, ಇಂದು ಜಗತ್ತೆಲ್ಲ ನೋಡಲು ಹೋಗುವ ಸಗ್ರಾದಾ ಫಮೀಲಿಯಾ ಚರ್ಚಿನ ಶಿಲ್ಪಿ. ಜೂನ್ 10ರಂದು ಅಲ್ಲಿಯೇ ತೀರಿಕೊಂಡರು. ಹೆಸರು ಗೊತ್ತಿಲ್ಲದ ಬಡವನಿಗೂ ಒಂದು ಹಾಸಿಗೆ ಇದ್ದ ಊರು ಅದು. ಅಂಥ ಊರಿನ ಬಡವನ ಹಾಸಿಗೆಗೆ ನಮ್ಮ ರಜೆ ಸಂಚಕಾರ ತರಬಾರದು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪುಸ್ತಿಕೆಯಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ಭೂಮಿ ಗೋಳಾಕಾರ, ಮನುಷ್ಯರು ಎಲ್ಲಿಗೆ ಚದುರಿದರೂ ಒಬ್ಬರ ಹತ್ತಿರ ಒಬ್ಬರು ಬರಲೇಬೇಕು. ಆದ್ದರಿಂದ ಪರಸ್ಥಳಕ್ಕೆ ಬಂದವನನ್ನು ಶತ್ರುವಿನಂತೆ ಕಾಣಬಾರದು, ಇದು ಬಂದವನ ಹಕ್ಕು. ಆದರೆ ಅದು ಭೇಟಿ ಕೊಡುವ ಹಕ್ಕು ಅಷ್ಟೇ. ಭೇಟಿಯ ಹೆಸರಿನಲ್ಲಿ ಬಂದು ಊರನ್ನೇ ತಮ್ಮದಾಗಿಸಿಕೊಂಡವರನ್ನು ಅವನು ಖಂಡಿಸುತ್ತಾನೆ, ಹಿಂದೂಸ್ತಾನಕ್ಕೆ ವ್ಯಾಪಾರದ ನೆಪದಲ್ಲಿ ಸೈನ್ಯ ತಂದವರನ್ನೂ ಸೇರಿಸಿ. ನಾವು ಸೈನ್ಯ ತರುವುದಿಲ್ಲ, ನಿಜ. ಆದರೆ ಸಾವಿರಾರು ಜನ ಒಂದೇ ಗಲ್ಲಿಗೆ ಬಂದು ಅಲ್ಲಿಯವರು ಇರಲಾಗದಂತಾದರೆ ಫಲಿತಾಂಶದಲ್ಲಿ ಎಷ್ಟು ವ್ಯತ್ಯಾಸ?

ಹಾಗೆಂದು ಹೋಗುವುದನ್ನೇ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. 2020ರಲ್ಲಿ ಕೋವಿಡ್ ಬಂದು ರಾಂಬ್ಲಾ ಖಾಲಿಯಾದಾಗ ಮೊದಲು ಕೆಲಸ ಹೋದದ್ದು ಇದೇ ಕೋಣೆ ಕೆಲಸದವರದು. ದುಬಾರಿ ಹೋಟೆಲಿಗೆ ಹೋದರೆ ಪಾಪ ತೊಳೆದುಹೋಗುತ್ತದೆ ಎಂದೂ ಅಲ್ಲ. ಗುತ್ತಿಗೆ ಕೆಲಸ ಐದು ನಕ್ಷತ್ರಗಳ ಕೆಳಗೂ ನಡೆಯುತ್ತದೆ. ಮಾಡಬಹುದಾದದ್ದು ಸಣ್ಣದು. ಮನೆಯೊಂದನ್ನು ಹಿಡಿಯುವುದಾದರೆ ಪರವಾನಗಿ ಸಂಖ್ಯೆ ಇದೆಯೇ ನೋಡುವುದು. ಕ್ಯಾಟಲೋನಿಯಾದಲ್ಲಿ ಅದನ್ನು ಜಾಹೀರಾತಿನಲ್ಲೇ ಹಾಕಬೇಕು. ಸಂಸಾರವೊಂದು ತಾನೇ ನಿಂತು ನಡೆಸುವ ಓಸ್ತಾಲ್ ಸಿಕ್ಕರೆ ಅಲ್ಲಿಗೆ ಹೋಗುವುದು. ರಾತ್ರಿಗಿಷ್ಟು ಎಂದು 2012ರಿಂದ ಹಾಕುತ್ತಿರುವ ಪ್ರವಾಸಿ ತೆರಿಗೆಗೆ ಕೊಸರಾಡದಿರುವುದು. ದಿನವೂ ಟವೆಲ್ ಬದಲಾಯಿಸಿಕೊಳ್ಳದಿರುವುದು. ಮಧ್ಯರಾತ್ರಿ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ದಡದಡ ಎಳೆಯದೆ ಎತ್ತಿಕೊಂಡು ಹೋಗುವುದು. ಕೋಣೆ ಕೆಲಸದಾಕೆಗೆ ನಮಸ್ಕಾರ ಹೇಳಿ, ಹೊರಡುವಾಗ ಆಕೆಗೆಂದು ಒಂದಿಷ್ಟು ಇಟ್ಟುಬರುವುದು.

ನೀರಿನ ಋಣ ಎಂಬ ಮಾತು ನಮ್ಮಲ್ಲಿದೆ. 2024ರ ಫೆಬ್ರವರಿಯಲ್ಲಿ ಜಲಾಶಯಗಳು ಶೇ. 16ಕ್ಕಿಂತ ಕೆಳಗಿಳಿದಾಗ ಬಾರ್ಸಿಲೋನಾದಲ್ಲಿ ಬರದ ತುರ್ತುಸ್ಥಿತಿ ಸಾರಿ, ತಲೆಗೆ ದಿನಕ್ಕೆ 200 ಲೀಟರ್ ಎಂದು ಮಿತಿ ಹಾಕಿದರು. ನಾವು ಹಿಂದಿನ ಅಕ್ಟೋಬರಿನಲ್ಲಿ ಸ್ನಾನ ಮಾಡಿದ್ದು ಆ ಬತ್ತುತ್ತಿದ್ದ ಜಲಾಶಯಗಳ ನೀರಿನಲ್ಲಿಯೇ. ಬಿಲ್ಲಿನಲ್ಲಿ ಅದರ ಬೆಲೆ ಸೇರಿತ್ತು. ಋಣ ಸೇರಿರಲಿಲ್ಲ.

ಬೇರೆಯವರ ಮನೆಗೆ ಹೋದಾಗ ಹೇಗಿರಬೇಕೆಂದು ನಮ್ಮ ತಾಯಂದಿರು ನಮಗೆ ಹೇಳಿಕೊಟ್ಟಿದ್ದರು. ಬರಿಗೈಯಲ್ಲಿ ಹೋಗಬೇಡ, ಎದ್ದ ಮೇಲೆ ಹಾಸಿಗೆ ಸುತ್ತಿಡು, ಅವರ ಮಕ್ಕಳ ಪಾಲಿನದನ್ನು ತಿನ್ನಬೇಡ. ಬಾಡಿಗೆ ಕೊಟ್ಟು ಉಳಿದ ಊರಿನಲ್ಲೂ ಈ ಮೂರು ಮಾತು ಹೊಂದುತ್ತವೆಂದು ನನ್ನ ನಂಬಿಕೆ, ಮೂರನೆಯದಂತೂ ಎಲ್ಲಕ್ಕಿಂತ ಹೆಚ್ಚಾಗಿ. ಬಾಡಿಗೆ ಕೊಟ್ಟಮೇಲೆ ಯಾವ ಋಣವೂ ಇಲ್ಲ ಎನ್ನುವ ಸದಸ್ಯರು ನಮ್ಮಲ್ಲಿ ಇದ್ದಾರೆ, ಅವರ ವಾದವೂ ಹಗುರವಾದುದಲ್ಲ. ಅವರು ಮುಂದಿನ ಸಂಚಿಕೆಗೆ ಬರೆದರೆ ಓದಲು ನಾನು ಕಾದಿದ್ದೇನೆ.